ಹಡಗಿನ ಊಟಕ್ಕೆ ಮನೆಯಲ್ಲೊಂದು ತಾಲೀಮು

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕನ್ನಡಕ ಸರಿಮಾಡಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ, ಈ ವಾರ ಮೊದಲಿಗೆ ಒಂದು ಒಗಟು.

ಏಳು ರಾತ್ರಿಯ ಹಡಗಿನ ಪ್ರವಾಸ. ಏಳರಲ್ಲಿ ಎರಡು ರಾತ್ರಿ ಎಲ್ಲರೂ ಮದುವೆಮನೆಗೆ ಹೊರಟವರಂತೆ ಸಿಂಗರಿಸಿಕೊಂಡು ಊಟಕ್ಕೆ ಬರಬೇಕು. ಆ ಎರಡು ರಾತ್ರಿ ಯಾವುವೆಂದು ಹಡಗಿನವರು ಇನ್ನೂ ತಿಳಿಸಿಲ್ಲ. ಆದರೂ ನನ್ನ ಮೊಮ್ಮಗಳು ಚಿನ್ಮಯಿ ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, "ಮೊದಲನೇ ರಾತ್ರಿ ಅಲ್ಲ, ಕೊನೇ ರಾತ್ರಿನೂ ಅಲ್ಲ" ಎಂದುಬಿಟ್ಟಳು. ಹೇಗೆ ಹೇಳಿದಳು? ಯೋಚಿಸುತ್ತಿರಿ. ಉತ್ತರ ಮುಂದೆ ಬರುತ್ತದೆ.

ನನ್ನ ಮಗಳು ಇರುವುದು ಅಮೆರಿಕದ ಸಿಯಾಟಲ್‌ನಲ್ಲಿ. ನಮ್ಮ ಮದುವೆಯಾಗಿ 45 ವರ್ಷ ತುಂಬಿತೆಂದು ಕಳೆದ ಮೇ ತಿಂಗಳಲ್ಲಿ ನನ್ನನ್ನೂ ನಮ್ಮ ಯಜಮಾನರನ್ನೂ ಕರೆಸಿಕೊಂಡಳು. ಬೇಸಿಗೆ ರಜೆ ಇದ್ದುದರಿಂದ ನಮ್ಮ ಜೊತೆಯಲ್ಲೇ ಬೆಳೆಯುತ್ತಿರುವ ಮಗನ ಮಗಳು, 11 ವರ್ಷದ ಚಿನ್ಮಯಿಯೂ ಹೊರಟಳು. ಸಿಯಾಟಲ್‌ನಲ್ಲಿ ಹಡಗು ಹತ್ತುವುದು, ಅಲಾಸ್ಕಾದ ಜೂನೋ, ಸ್ಕ್ಯಾಗ್‌ವೇ, ಕೆಚಿಕನ್ ಊರುಗಳನ್ನು ನೋಡುವುದು, ಮತ್ತೆ ಸಿಯಾಟಲ್‌ಗೇ ಬಂದು ಇಳಿಯುವುದು. ಇಂಥ ಪ್ರವಾಸಕ್ಕೆ ಕ್ರೂಸ್ ಎನ್ನುತ್ತಾರೆ.

ಮಾರ್ಚ್ ತಿಂಗಳಲ್ಲೇ ಮಗಳ ಫೋನು ಬಂತು.

"ಅಮ್ಮ, ಎರಡು ರಾತ್ರಿ ಊಟಕ್ಕೆ ಫಾರ್ಮಲ್ ಡ್ರೆಸ್ ಹಾಕ್ಕೋಬೇಕು. ಅಪ್ಪಂಗೆ ಏನು ಮಾಡ್ತೀಯ?"

"ಇನ್ನೂ ಎರಡು ತಿಂಗಳಿದೆಯಲ್ಲೇ" ಎಂದೆ ನಾನು.

"ಎರಡೇ ತಿಂಗಳಿರೋದು ಅಮ್ಮ" ಎಂದಳು ಅವಳು.

ಅವಳ ಮಾತೇ ಸರಿಯಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಫಾರ್ಮಲ್ ಅಂದರೆ ಏನು ಎಂದು ಚಿನ್ಮಯಿ ಅವಳ ಅತ್ತೆಯನ್ನು ಕೇಳಿದಳು. ಗಂಡಸರಿಗೆ ಕಪ್ಪು ಕೋಟು, ಬಿಳಿ ಅಂಗಿ, ಕತ್ತಿನ ಹತ್ತಿರ ಚಿಟ್ಟೆ ಕೂತ ಹಾಗೆ ಒಂದು ಬೋ ಟೈ. ಹೆಂಗಸರಿಗೆ ನೆಲ ಮುಟ್ಟುವ ಗೌನು. ಆ ಕೋಟಿಗೆ ಅಮೆರಿಕದವರು ಟಕ್ಸಿಡೊ ಎನ್ನುತ್ತಾರೆ. ಅದು ಒಂದು ಊರಿನ ಹೆಸರು. ನ್ಯೂಯಾರ್ಕ್ ರಾಜ್ಯದ ಟಕ್ಸಿಡೊ ಪಾರ್ಕ್ ಎಂಬಲ್ಲಿ 1886ರಲ್ಲಿ ಶುರುವಾದ ಕ್ಲಬ್ಬಿನ ಗಂಡಸರು ಬಾಲವಿರುವ ಉದ್ದ ಕೋಟು ಬಿಟ್ಟು ಈ ಗಿಡ್ಡ ಕೋಟು ತೊಡತೊಡಗಿದರು. ಊರಿನ ಹೆಸರು ಕೋಟಿಗೆ ಅಂಟಿಕೊಂಡಿತು. ನಮ್ಮಲ್ಲಿ ಇಳಕಲ್ ಎಂದರೆ ಊರೂ ಹೌದು, ಸೀರೆಯೂ ಹೌದಲ್ಲ, ಹಾಗೆ.

ಎಲ್ಲ ಹಡಗಿನಲ್ಲೂ ಒಂದೇ ಕಟ್ಟಳೆ ಇಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಓಡಾಡುವ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಗಾಲಾ ಸಂಜೆಗಳೆಂದು ಇಂದಿಗೂ ನಡೆಯುತ್ತವೆ. ಅಂದು ಕಪ್ಪು ಕೋಟು, ಬೋ ಟೈಗಳದೇ ದರ್ಬಾರು. ಇನ್ನು ಕೆಲವು ಹಡಗಿನವರು ‘ಚಡ್ಡಿ, ರಬ್ಬರ್ ಚಪ್ಪಲಿ ಬೇಡ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಆದ್ದರಿಂದ ಊಹೆ ಮಾಡುತ್ತಾ ಕೂರಬಾರದು, ಬರೆದು ಕೇಳಿಬಿಡಬೇಕು. ಮಗಳು ಬರೆದು ಕೇಳಿದಳು. ‘ನಿಮ್ಮ ದೇಶದಲ್ಲಿ ಸಮಾರಂಭಕ್ಕೆ ತೊಡುವ ಉಡುಪು ಧಾರಾಳವಾಗಿ ಆಗುತ್ತದೆ’ ಎಂದು ಉತ್ತರ ಬಂತು. ಅಲ್ಲಿಗೆ ಸೂಟಿನ ಖರ್ಚು ಉಳಿಯಿತು. ನನಗೆ ರೇಷ್ಮೆ ಸೀರೆ, ಚಿನ್ಮಯಿಗೆ ರೇಷ್ಮೆ ಲಂಗ, ಇವರಿಗೆ ಪಂಚೆ ಮತ್ತು ಕತ್ತಿನವರೆಗೆ ಗುಂಡಿಯಿರುವ ಕ್ಲೋಸ್ ಕಾಲರ್ ಕೋಟು. ಎಲ್ಲವೂ ಬೀರುವಿನಲ್ಲೇ ಇದೆ, ಇನ್ನೇನು ಚಿಂತೆ ಎಂದುಕೊಂಡೆ.

ಚಿನ್ಮಯಿ ಬಿಡಬೇಕಲ್ಲ! ನೋಟ್‌ಬುಕ್ಕಿನ ಹಾಳೆಯಲ್ಲಿ ಏಳು ಮನೆ ಗೆರೆ ಎಳೆದಳು. ಈಗ ಒಗಟಿನ ಉತ್ತರ ಕೇಳಿ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲೇ ಕೆಲಸದವರ ಕೈಗೆ ಕೊಡಬೇಕು. ಸಾವಿರಾರು ಪೆಟ್ಟಿಗೆ. ಅವು ನಮ್ಮ ಕೋಣೆಯ ಬಾಗಿಲಿಗೆ ಬಂದು ಸೇರುವಾಗ ಸಂಜೆಯಾಗಬಹುದು, ರಾತ್ರಿಯೂ ಆಗಬಹುದು. ಬಟ್ಟೆಯೇ ಬಾರದೆ ಸಿಂಗಾರ ಎಲ್ಲಿಂದ? ಅದಕ್ಕೆ ಮೊದಲ ರಾತ್ರಿ ಅಲ್ಲ. ಕೊನೆಯ ರಾತ್ರಿ ಮಲಗುವ ಮೊದಲೇ ಪೆಟ್ಟಿಗೆ ಕಟ್ಟಿ ಕೋಣೆಯ ಹೊರಗಿಡಬೇಕು, ಬೆಳಗಾಗುವುದರೊಳಗೆ ಅವನ್ನು ಇಳಿಸಲು ಒಯ್ಯುತ್ತಾರೆ. ಅದಕ್ಕೆ ಕೊನೆಯ ರಾತ್ರಿಯೂ ಅಲ್ಲ. ಊರು ನೋಡುವ ದಿನ ಜನ ಸುಸ್ತಾಗಿ ಹಿಂದಿರುಗುತ್ತಾರೆ. ಉಳಿದದ್ದು ದಡ ಮುಟ್ಟದೆ ನೀರಿನಲ್ಲೇ ಕಳೆಯುವ ದಿನಗಳು. "ಎರಡನೇ ದಿನ, ಐದನೇ ದಿನ" ಎಂದು ಅವಳು ಸುತ್ತು ಹಾಕಿದಳು. ಹಡಗಿನ ಪಟ್ಟಿ ಕೈಗೆ ಬಂದಾಗ ನೋಡಿದರೆ ಎರಡನೆಯ ದಿನ ಸರಿಯಾಗಿತ್ತು, ಇನ್ನೊಂದು ಒಂದೇ ದಿನ ಹಿಂದುಮುಂದಾಗಿತ್ತು.

"ಅಜ್ಜಿ, ನಾಟಕಕ್ಕೆ ಮುಂಚೆ ಸ್ಕೂಲಲ್ಲಿ ರಿಹರ್ಸಲ್ ಮಾಡಿಸ್ತಾರೆ. ನಾವೂ ಒಂದು ಮಾಡೋಣ" ಎಂದಳು. ಏಪ್ರಿಲ್ ಮೊದಲ ಭಾನುವಾರ ಗೊತ್ತಾಯಿತು. ಸಂಜೆ ಏಳಕ್ಕೆ ಎಲ್ಲರೂ ಹಡಗಿನ ಉಡುಪಿನಲ್ಲೇ ಊಟದ ಮೇಜಿಗೆ ಬರಬೇಕು. ಮೆನು: ಟೊಮೆಟೊ ಸೂಪು, ಚಪಾತಿ, ಪಲ್ಯ, ಮೊಸರನ್ನ. ನನಗೆ ಒಳಗೊಳಗೇ ನಗು.

ಆ ನಗು ಬೀರು ತೆಗೆಯುವವರೆಗೆ ಮಾತ್ರ ಇತ್ತು. ಧಾರೆ ಸೀರೆಯನ್ನು ಬಿಡಿಸಿದರೆ ಮಡಿಕೆಯ ಗೆರೆಯುದ್ದಕ್ಕೂ ಸೀಳು ಬಿಟ್ಟಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಜರಿಯೂ ರೇಷ್ಮೆಯೂ ಆ ಗೆರೆಯಲ್ಲೇ ಮುರಿಯುತ್ತವೆ. ಆಗಾಗ ಬಿಡಿಸಿ ಗಾಳಿಯಾಡಿಸಿ ಮಡಿಕೆ ಬದಲಾಯಿಸಬೇಕೆಂದು ನನ್ನ ಅತ್ತೆಯವರು ಹೇಳಿಕೊಟ್ಟಿದ್ದರು. ನಾನೂ ಎಷ್ಟು ಜನಕ್ಕೆ ಹೇಳಿದ್ದೇನೋ! ನನ್ನ ಸೀರೆಗೆ ಮಾತ್ರ ಮರೆತಿದ್ದೆ. ಕೊನೆಗೆ ಕೈಗೆ ಬಂದದ್ದು ಹಸಿರು ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯದು. ಎಳೆಯನ್ನು ಬಲವಾಗಿ ಹುರಿ ಮಾಡಿ ನೇಯುವ ಕ್ರೇಪ್ ಬಟ್ಟೆಯಾದ್ದರಿಂದ ಸುಕ್ಕು ಕಡಿಮೆ, ತೂಕವೂ ಹಗುರ. ಹಡಗಿಗೆ ಅದೇ ಸರಿ. ಆದರೆ ಅದರ ರವಿಕೆ ಎರಡು ಬೆರಳು ಬಿಗಿ. ಚಿನ್ಮಯಿಯ ಲಂಗವೋ, ಹೋದ ವರ್ಷ ಪಾದ ಮುಟ್ಟುತ್ತಿದ್ದದ್ದು ಈಗ ಕಾಲ್ಗೆಜ್ಜೆಗಿಂತ ಮೇಲೆ.

ಇವರ ಕಪ್ಪು ಶೂ ಏಳು ವರ್ಷದಿಂದ ಡಬ್ಬಿಯಲ್ಲಿ ಹೊಸದರ ಹಾಗೆಯೇ ಹೊಳೆಯುತ್ತಿತ್ತು. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರು. ಅಟ್ಟೆ ರಾಗಿಮುದ್ದೆ ಒಣಗಿ ಉದುರಿದ ಹಾಗೆ ಚೂರುಚೂರಾಗಿ ನೆಲದ ಮೇಲೆ ಬಿತ್ತು! ಮಕ್ಕಳೇ, ಇದು ಇಲಿಯ ಕೆಲಸವಲ್ಲ. ಈಗಿನ ಎಷ್ಟೋ ಶೂಗಳ ಅಟ್ಟೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯಲ್ಲಿರುವ ತೇವ ತಗುಲಿ ತಗುಲಿ ಅದು ಒಳಗಿಂದಲೇ ಸಡಿಲವಾಗುತ್ತದೆ. ಹಾಕದೆ ಜೋಪಾನ ಮಾಡಿದ ಶೂಗೂ ಇದೇ ಗತಿ. ಹಡಗಿನ ಊಟದ ಮನೆಯ ರತ್ನಗಂಬಳಿಯ ಮೇಲೆ ಹೀಗಾಗಿದ್ದರೆ ಎಂದು ನೆನೆದು ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಇವರೂ ನಕ್ಕರು. ಕೋಟು ಹಾಕಿಕೊಂಡು ಬರುತ್ತೇನೆಂದು ಕೋಣೆಗೆ ಹೋದರು.

ಏಳಾಯಿತು, ಏಳೂ ಕಾಲಾಯಿತು. ಸೂಪು ಆರುತ್ತಿತ್ತು. ಹೋಗಿ ನೋಡಿದೆ. ಮಂಚದ ತುದಿಯಲ್ಲಿ ಕೂತಿದ್ದಾರೆ. ಕೋಟು ಮೈಮೇಲಿದೆ, ಒಂದು ಗುಂಡಿಯೂ ಹಾಕಿಲ್ಲ.

"ಹಡಗಿನಲ್ಲಿ ನೀವೆಲ್ಲ ಹೋಗಿ ಊಟ ಮಾಡಿ. ನಾನು ಕೋಣೆಗೇ ತರಿಸ್ಕೋತೀನಿ" ಎಂದರು.

ಇವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಕೈವಾರ ಇಲ್ಲದೆ ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ದುಂಡನೆಯ ವೃತ್ತ ಬರೆಯುತ್ತಿದ್ದ ಕೈ ಅದು. ಎರಡು ವರ್ಷದಿಂದ ನಡುಗುತ್ತದೆ. ಡಾಕ್ಟರ ಮಾತ್ರೆ ನಡೆದಿದೆ. ಒಂದಿಷ್ಟು ಗುಣವಿದೆ, ಪೂರ್ತಿ ಇಲ್ಲ. ಅಂದಿನಿಂದ ಮದುವೆಮನೆಗೆ ಬಂದರೂ ಪಂಕ್ತಿಯಲ್ಲಿ ಕೂರುವುದಿಲ್ಲ. ಮುಯ್ಯಿ ಕೊಟ್ಟು, "ಸಕ್ಕರೆ ಕಾಯಿಲೆ ಕಣಯ್ಯ, ಹೊರಗಿನ ಊಟ ಬೇಡ" ಎಂದು ಎದ್ದುಬಿಡುತ್ತಾರೆ. ಇವರಿಗೆ ಸಕ್ಕರೆ ಕಾಯಿಲೆ ಇಲ್ಲ. ಅದು ನನಗೆ ಗೊತ್ತು, ನನಗೆ ಗೊತ್ತೆಂದು ಇವರಿಗೂ ಗೊತ್ತು. ಮಾತೆತ್ತಿದರೆ ನೋಯುತ್ತಾರೆಂದು ಎರಡು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ.

ಬಾಗಿಲಲ್ಲಿ ಚಿನ್ಮಯಿ ನಿಂತಿದ್ದಳು. ಅಯ್ಯೋ ಪಾಪ ಅನ್ನಲಿಲ್ಲ. ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಏನೋ ಬರೆದು ತಾತನ ಮುಂದೆ ಹಿಡಿದಳು.

1. ಅಜ್ಜಿಯ ರವಿಕೆ: ಬಿಗಿ.
2. ನನ್ನ ಲಂಗ: ಗಿಡ್ಡ.
3. ತಾತನ ಶೂ: ಪುಡಿಪುಡಿ.
4. ತಾತನ ಗುಂಡಿ.
5. ಸೂಪು.

ಇವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಐದನೇದು ಯಾಕೆ?" ಎಂದರು.

"ಸೂಪು ಚೆಲ್ಲುತ್ತೆ ಅಂತ ತಾನೇ ತಾತ ನೀವು ಬರಲ್ಲ ಅನ್ನೋದು? ನಾಲ್ಕನೇದು ಬಿಡಿಸಿದ ಮೇಲೆ ಐದನೇದಕ್ಕೆ ಹೋಗೋಣ. ಮೆಟ್ಟಿಲು ಹಾರಿಸಬಾರದು ಅಂತ ನೀವೇ ಹೇಳ್ಕೊಟ್ಟಿದ್ದು."

ನಾನು ಎರಡು ವರ್ಷ ಹೇಳಲಾರದೆ ನುಂಗಿಕೊಂಡದ್ದನ್ನು ಅವಳು ರವಿಕೆ, ಶೂಗಳ ಕೆಳಗೆ ಒಂದು ಸಾಲಾಗಿ ಬರೆದಿದ್ದಳು. ರವಿಕೆಗೆ ಟೈಲರ್, ಶೂಗೆ ಅಂಗಡಿ, ಇದಕ್ಕೂ ಏನೋ ಒಂದು. ಇವರು ಎದ್ದು ಗುಂಡಿ ಹಾಕದೆಯೇ ಬಂದು ಮೇಜಿಗೆ ಕೂತರು.

ಆರು ವಾರ ಕೈಯಲ್ಲಿದ್ದದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಟೈಲರು ನನ್ನ ರವಿಕೆಯ ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿದರು. ಲಂಗದ ಅಂಚಿನಲ್ಲಿ ಮಡಿಚಿ ಹೊಲಿದಿದ್ದ ಪಟ್ಟಿ ಬಿಚ್ಚಿ ಉದ್ದ ಮಾಡಿದರು. ಕೋಟಿನ ಗುಂಡಿಗಳನ್ನು ಮೇಲಿನ ಅಂಚಿಗೇ ಹೊಲಿದು, ಒಳಗಡೆ ವೆಲ್ಕ್ರೋ ಪಟ್ಟಿ ಕೂರಿಸಿದರು. ನಿಮ್ಮ ಶೂನಲ್ಲಿ ಪರ್ರ್ ಎಂದು ಕಿತ್ತು ಬರುತ್ತದಲ್ಲ ಮಕ್ಕಳೇ, ಅದೇ. ನೋಡುವವರಿಗೆ ಆರು ಗುಂಡಿಯ ಕೋಟು, ಹಾಕುವವರಿಗೆ ಒಮ್ಮೆ ಅಂಗೈ ಸವರಿದರೆ ಮುಗಿಯಿತು. ಪಂಚೆಯೂ ಈಗ ಅಂಟುಪಟ್ಟಿಯದೇ ಸಿಗುತ್ತದೆ. ಹೊಸ ಶೂ ಕೊಂಡು, ದಿನಾ ಸಂಜೆ ಪಾರ್ಕಿಗೆ ಅದನ್ನೇ ಹಾಕಿ ಪಾದಕ್ಕೆ ಪಳಗಿಸಿದರು. ಹೊಸ ಶೂವನ್ನು ಸಮಾರಂಭದ ದಿನವೇ ಮೊದಲು ಹಾಕಬಾರದು, ಕಚ್ಚುತ್ತದೆ.

ಐದನೆಯ ಲೆಕ್ಕ ಬಿಡಿಸಲು ಹೆಚ್ಚು ದಿನ ಹಿಡಿಯಿತು. ಪ್ರತಿ ರಾತ್ರಿ ತಾತ ಮೊಮ್ಮಗಳು ಸಾರು ಮುಂದಿಟ್ಟುಕೊಂಡು ಪ್ರಯೋಗ ಮಾಡಿದರು. ಅಗಲ ತಟ್ಟೆಗಿಂತ ಹಿಡಿಯಿರುವ ಕಪ್ಪು ಮೇಲು. ಪೂರ್ತಿ ತುಂಬುವುದಕ್ಕಿಂತ ಅರ್ಧ ತುಂಬಿ ಎರಡು ಸಲ ಹಾಕಿಸಿಕೊಳ್ಳುವುದು ಮೇಲು. ತೆಳು ಚಮಚಕ್ಕಿಂತ ತೂಕದ ಚಮಚ ಇವರ ಕೈಗೆ ಒಗ್ಗಿತು. ಮೊಣಕೈ ಮೇಜಿನ ಮೇಲೆ ಊರಿದರೆ ನಡುಕ ಕಡಿಮೆ. ಎಲ್ಲವನ್ನೂ ಚಿನ್ಮಯಿ ಬರೆದಿಟ್ಟಳು. ‘ಗೋಡೆ ಪಕ್ಕದ ಮೇಜು, ಸೂಪು ಕಪ್ಪಿನಲ್ಲಿ’ ಎಂದು ಮಗಳು ಹಡಗಿನವರಿಗೆ ಮುಂಚಿತವಾಗಿಯೇ ಬರೆದು ತಿಳಿಸಿದಳು.

ಪೆಟ್ಟಿಗೆ ಕಟ್ಟುವ ವಿಚಾರದಲ್ಲಿ ನಾಲ್ಕು ಮಾತು. ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಅದಕ್ಕೆ ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ, ಊದುಬತ್ತಿ ಕೋಣೆಗೆ ತರಕೂಡದು. ನನ್ನ ಊದುಬತ್ತಿ ಪೊಟ್ಟಣ ಸಿಯಾಟಲ್‌ನಲ್ಲೇ ಉಳಿಯಿತು. ಏಳು ದಿನ ದೇವರಿಗೆ ಬರೀ ಕೈಮುಗಿದೆ. ಸೀರೆಯ ಸುಕ್ಕಿಗೆ, ಸ್ನಾನದ ಮನೆಯಲ್ಲಿ ನೇತುಹಾಕಿ ಬಿಸಿನೀರಿನ ಹಬೆ ಬಿಟ್ಟರೆ ಸಾಕು. ಒಂದು ಸಂಜೆಗೆ ಬೇಕಾದ ಪೂರ್ತಿ ಉಡುಪು ಮತ್ತು ಮಾತ್ರೆಗಳು ಕೈಚೀಲದಲ್ಲೇ ಇರಲಿ. ವಿಮಾನದಲ್ಲಿ ದೊಡ್ಡ ಪೆಟ್ಟಿಗೆ ತಡವಾದರೂ ಚಿಂತೆಯಿಲ್ಲ. ಎರಡು ಸಂಜೆಗೆ ಎರಡು ಸೀರೆ ಹೊರಬೇಡಿ, ಸೀರೆ ಒಂದು, ರವಿಕೆ ಎರಡು. ಹಡಗಿನ ಕೆಲವು ಬಾಗಿಲುಗಳಿಗೆ ನಮ್ಮ ಹಳೆಯ ಮನೆಗಳ ಹಾಗೆ ಎತ್ತರದ ಹೊಸ್ತಿಲಿರುತ್ತದೆ. ಸೀರೆ ಒಂದು ಬೆರಳು ಮೇಲಕ್ಕೆ ಉಟ್ಟು, ಚಪ್ಪಟೆ ಚಪ್ಪಲಿ ಹಾಕಿ. ಶಾಲು ಮರೆಯಬೇಡಿ.

ಮೇ ತಿಂಗಳಲ್ಲಿ ಹಡಗು ಹತ್ತಿದೆವು. ನಮ್ಮ ಪೆಟ್ಟಿಗೆ ಬಂದದ್ದು ರಾತ್ರಿ ಎಂಟೂವರೆಗೆ! ಚಿನ್ಮಯಿ ನನ್ನ ಮುಖ ನೋಡಿ ಹುಬ್ಬು ಹಾರಿಸಿದಳು.

ಮರುದಿನ ಇಡೀ ದಿನ ನೀರು, ಬರೀ ನೀರು. ಹಡಗು ತೆರೆದ ಪೆಸಿಫಿಕ್ ಸಾಗರದಲ್ಲಿತ್ತು. ಸಂಜೆ ಊಟದ ಮನೆಯ ಮುಂದೆ ಕಪ್ಪು ಕೋಟುಗಳ ಸಾಲು. ಇವರು ಹೆಜ್ಜೆ ನಿಧಾನ ಮಾಡಿದರು. ಅಷ್ಟರಲ್ಲಿ ಎದುರಿಗೆ ಒಬ್ಬ ಹಿರಿಯರು ಬಂದರು. ಮೇಲೆ ಕಪ್ಪು ಕೋಟು, ಕೆಳಗೆ ಮೊಣಕಾಲಿನವರೆಗೆ ಚೌಕಳಿಯ ಬಟ್ಟೆ, ಉದ್ದ ಕಾಲುಚೀಲ. ಸ್ಕಾಟ್ಲೆಂಡಿನವರ ಕಿಲ್ಟ್ ಅದು. ಇವರು ನನ್ನ ಕಿವಿಯಲ್ಲಿ, "ಅವರದು ಗಿಡ್ಡ ಪಂಚೆ, ನಮ್ಮದು ಉದ್ದ ಪಂಚೆ. ಬಾ, ಹೋಗೋಣ" ಎಂದರು. ಆ ಹಿರಿಯರೂ ಇವರನ್ನು ಮೇಲಿಂದ ಕೆಳಗೆ ನೋಡಿ ತಲೆ ಬಾಗಿಸಿದರು. ಬಡಿಸುವ ಹುಡುಗ ಇಂಡೋನೇಷ್ಯಾದ ಜಾವಾದವನು. ಪಂಚೆ ಕೋಟು ನೋಡಿ, "ನಮ್ಮ ಕಡೆ ಮದುವೆಗೆ ಹಿರಿಯರು ಹೀಗೇ ಉಡುತ್ತಾರೆ" ಎಂದ. ಕೇಳುವ ಮೊದಲೇ ಇವರಿಗೆ ಸೂಪು ಕಪ್ಪಿನಲ್ಲಿ ಬಂತು, ಅರ್ಧ.

ಇವರು ಮೊಣಕೈ ಊರಿ ಕಪ್ಪು ಎತ್ತಿದರು. ನಾನು ಉಸಿರು ಬಿಗಿಹಿಡಿದೆ. ಆಗಲೇ ಒಂದು ದೊಡ್ಡ ಅಲೆ ಬಂತೋ ಏನೋ, ಹಡಗು ಮೆಲ್ಲಗೆ ಓಲಾಡಿತು. ಲೋಟಗಳು ಕಿಣಿಕಿಣಿ ಅಂದವು. ನನ್ನ ಚಮಚದ ಸೂಪು ಮೇಜುಬಟ್ಟೆಯ ಮೇಲೆ, ಮಗಳ ನೀರು ಅವಳ ಮಡಿಲಿಗೆ, ಆಚೆ ಮೇಜಿನ ಕಿಲ್ಟ್ ಹಿರಿಯರ ಅಂಗಿಯ ಮೇಲೊಂದು ಕೆಂಪು ಕಲೆ. ಇವರ ಕಪ್ಪಿನಿಂದ ಒಂದು ತೊಟ್ಟೂ ಹೊರಗೆ ಬೀಳಲಿಲ್ಲ.

"ಹಡಗಿನಲ್ಲಿ ಎಲ್ಲರ ಕೈಯೂ ನಡುಗುತ್ತೆ. ನಾನೊಬ್ಬನೇ ಅಭ್ಯಾಸ ಮಾಡಿಕೊಂಡು ಬಂದವನು" ಎಂದರು. ಎರಡು ವರ್ಷದಲ್ಲಿ ಆ ಕೈಯ ಬಗ್ಗೆ ಇವರು ಆಡಿದ ಮೊದಲ ಮಾತು ಅದು. ನಾವು ನಕ್ಕ ನಗುವಿಗೆ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಕಿಟಕಿಯಾಚೆ ರಾತ್ರಿ ಎಂಟಾದರೂ ಬಿಸಿಲಿತ್ತು.

ಇನ್ನೊಂದು ಸಂಜೆ ಅದೇ ಸೀರೆಗೆ ಬೇರೆ ರವಿಕೆ ತೊಟ್ಟು ಹೋದೆ. ಯಾರೂ ಗಮನಿಸಲಿಲ್ಲ, ಗಮನಿಸಿದ್ದರೂ ಹಡಗೇನು ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ತಯಾರಿ ಮಾಡಿದ ಅಜ್ಜಿ ಬಲು ಜಾಣೆ ಎಂದುಕೊಂಡಿರೇನೋ. ಕೊನೆಯ ರಾತ್ರಿ ಪೆಟ್ಟಿಗೆ ಕಟ್ಟಿ ಹೊರಗಿಟ್ಟು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಉಡಲು ಸೀರೆ ಇದೆ, ರವಿಕೆ ಇದೆ, ಒಳಲಂಗ ಇಲ್ಲ! ಅದು ಪೆಟ್ಟಿಗೆಯ ಜೊತೆ ಆಗಲೇ ದಡ ಸೇರಲು ಹೊರಟಿತ್ತು. ಕೊನೆಗೆ ಮಗಳ ಟ್ರ್ಯಾಕ್ ಪ್ಯಾಂಟಿನ ಮೇಲೆ ಸೀರೆ ಸುತ್ತಿಕೊಂಡು ಸಿಯಾಟಲ್‌ನಲ್ಲಿ ಇಳಿದೆ. ಸಿಂಗಾರದ ಸಂಜೆಗೆ ಎರಡು ತಿಂಗಳು ಯೋಚಿಸಿದವಳು ಸಾದಾ ಬೆಳಗಿಗೆ ಎರಡು ನಿಮಿಷ ಯೋಚಿಸಿರಲಿಲ್ಲ. ಚಿನ್ಮಯಿ ಅಲ್ಲೇ ನೋಟ್‌ಬುಕ್ಕು ತೆಗೆದು, ‘6. ಅಜ್ಜಿಯ ಲಂಗ’ ಎಂದು ಸೇರಿಸಿದಳು.

ಈ ವಾರದ ಮನೆಗೆಲಸ ಹೇಳಿಬಿಡುತ್ತೇನೆ. ಮಕ್ಕಳೇ, ಹಡಗೇ ಹತ್ತಬೇಕೆಂದಿಲ್ಲ. ಮುಂದಿನ ತಿಂಗಳ ಮದುವೆಯೋ, ಶಾಲೆಯ ವಾರ್ಷಿಕೋತ್ಸವವೋ ಇದ್ದರೂ ಸಾಕು. ಈ ಭಾನುವಾರ ಅಜ್ಜ ಅಜ್ಜಿಯರ ಜೊತೆ ಬೀರು ತೆಗೆಯಿರಿ. ಸೀರೆಯ ಮಡಿಕೆ ಬದಲಾಯಿಸಿ, ಶೂ ಹಾಕಿ ನಡೆದು ನೋಡಿ, ಎಲ್ಲರೂ ಒಮ್ಮೆ ಪೂರ್ತಿ ಉಟ್ಟು ಊಟಕ್ಕೆ ಕೂತು ನೋಡಿ. ಏನೇನು ಸರಿಯಿಲ್ಲವೋ ಸಾಲಾಗಿ ಬರೆಯಿರಿ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದ್ದರೆ ಅದನ್ನೂ ಬರೆಯಿರಿ. ನಡುವೆ ಎಲ್ಲಾದರೂ ಇರಲಿ, ನಾಲ್ಕನೆಯದೋ ಐದನೆಯದೋ ಆಗಿ.

ಹೋದ ವಾರ ನಮ್ಮ ಬೀದಿಯಲ್ಲೇ ಒಂದು ಮದುವೆಯಿತ್ತು. ಇವರು ಮುಯ್ಯಿ ಕೊಟ್ಟರು. ನಾನು ಚಪ್ಪಲಿ ಹುಡುಕತೊಡಗಿದೆ, ಎಂದಿನಂತೆ ಹೊರಡುತ್ತಾರೆಂದು. ತಿರುಗಿ ನೋಡಿದರೆ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದಾರೆ. ಬಡಿಸುವವರು ಬಂದಾಗ, "ಸಾರನ್ನ ಒಂದು ಲೋಟಕ್ಕೆ ಹಾಕಿಬಿಡಪ್ಪ, ಅರ್ಧ" ಎಂದರು.

ಎರಡನೆಯ ಸಲವೂ ಹಾಕಿಸಿಕೊಂಡರು. ಹೋಳಿಗೆ ಮೂರು ತಿಂದರು.

ಬರುವ ವಾರ ಮತ್ತೆ ಸಿಗೋಣ.